ಪೀರಜ್ಜನ ಜಾಲಂದ್ರ

ಸುರೇಬಾನ,
೩ ಜೂನ್ ೧೯೦೯

ಚಿರಂಜೀವಿ ಮಾನಪ್ಪನಿಗೆ ಅಕ್ಕ ಸತ್ಯವ್ವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಾನೇ ಅಂದುಕೊಂಡಿದ್ದೇನೆ, ಯಾಕೆಂದರೆ ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಮುಂಬಯಿಯಲ್ಲಿ ಮಸಿ ಸಿಗುವುದಿಲ್ಲವೇನು?

ಕಳೆದ ದೀಪಾವಳಿ ಆದ ಮೇಲೆ ನೀನು ಕೋಟು ಹಾಕಿಕೊಂಡು ನಮ್ಮ ತವರೂರಿಗೆ ಬಂದೆ. ಪೀರಜ್ಜನ ದರ್ಗಾದಲ್ಲಿ ಗೋರಿಯ ಮುಂದಿದ್ದ ಜಾಲಂದ್ರವನ್ನು, ನಮ್ಮ ಮುತ್ಯಾ ಕಾಡಪ್ಪ ಸಾಗವಾನಿಯಲ್ಲಿ ಹೂಬಳ್ಳಿಯ ಜಾಲರಿಯಾಗಿ ಕೆತ್ತಿದ್ದನ್ನು, ತಟ್ಟಿ ನೋಡಿದೆ. ಬುಡಕ್ಕೆ ಗೆದ್ದಲು ಹತ್ತಿದೆ, ಮುಂಬಯಿಗೆ ಒಯ್ದು ತಿದ್ದಿ ಉರುಸಿನೊಳಗೆ ತಂದು ನಿಲ್ಲಿಸುತ್ತೇನೆ ಎಂದೆ. ದರ್ಗಾ ನೋಡಿಕೊಳ್ಳುವ ಮುಜಾವರ ದಾವಲಕಾಕಾ ಒಪ್ಪಲಿಲ್ಲ. ಹೆಂಗಸರು ಕಟ್ಟಿದ ಹರಕೆಯ ನೂಲು ಅದರ ಮೈತುಂಬ ಇವೆ ಎಂದ. ಆಗ ನೀನು ಜಾಲಂದ್ರದ ಮೇಲೆ ಕೈಯಿಟ್ಟು, "ಒಂದ ನೂಲಿಗೂ ಕೈ ಹಚ್ಚೂದಿಲ್ಲ ಕಾಕಾ" ಎಂದು ಆಣೆ ಮಾಡಿದೆ. ಆದರೂ ಅವನು ಒಪ್ಪದಿದ್ದಾಗ ನಡುವೆ ಬಾಯಿ ಹಾಕಿದವಳು ನಾನು. "ಮುತ್ಯಾ ಮಾಡಿದ್ದನ್ನ ಮೊಮ್ಮಗ ಕೆಡಸ್ತಾನೇನ್ರಿ ಕಾಕಾ?" ಎಂದೆ. ಅದರ ಮೇಲೆ ಅವನು ಹೂಂ ಅಂದ.

ಉರುಸು ಬಂತು, ಹೋಯಿತು. ಜಾಲಂದ್ರ ಬರಲಿಲ್ಲ. ಅದಿದ್ದ ಕಡೆ ಈಗ ಬಿದಿರಿನ ತಟ್ಟಿ ಕಟ್ಟಿದ್ದಾರಂತೆ.

ನನ್ನ ನೂಲೂ ಅದರಲ್ಲಿದೆ, ಮರೆಯಬೇಡ. ಮೂರು ಕೂಸು ಮಣ್ಣಿಗೆ ಕೊಟ್ಟ ಮೇಲೆ ಫಕೀರಪ್ಪ ಹೊಟ್ಟೆಯಲ್ಲಿದ್ದಾಗ ಹಸಿರು ಸೀರೆಯ ಅಂಚು ಹರಿದು ಕಟ್ಟಿದ್ದು. ಕೂಸು ಉಳಿದರೆ ಮೂರು ವರ್ಷ ತುಂಬಿದ ಮೇಲಿನ ಉರುಸಿನಲ್ಲಿ ನೂಲು ಬಿಚ್ಚಿ, ಅಲ್ಲೇ ಜವಳ ತೆಗೆಸುತ್ತೇನೆ, ಅಲ್ಲಿಯವರೆಗೆ ಅವನ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಬೇಡಿಕೊಂಡೆ. ಕಟ್ಟಿದವರೇ ಬಿಚ್ಚಬೇಕು ಎಂಬ ಪೀರಜ್ಜನ ಕಟ್ಟಳೆ ನಿನಗೆ ಗೊತ್ತೇ ಇದೆ. ಬರುವ ಉರುಸಿಗೆ ಮಗನಿಗೆ ಮೂರು ತುಂಬಿರುತ್ತದೆ. ಅಷ್ಟರೊಳಗೆ ಜಾಲಂದ್ರ ಬಂದಿರಬೇಕು.

ನಿನ್ನ ಅಕ್ಕ,
ಸತ್ಯವ್ವ


ಮುಂಬಯಿ,
೨೫ ಜೂನ್ ೧೯೦೯

ಅಕ್ಕನ ಪಾದಗಳಿಗೆ ಮಾನಪ್ಪನ ನಮಸ್ಕಾರಗಳು.

ಮಸಿ ಸಿಗುತ್ತದೆ, ಪುರುಸೊತ್ತು ಸಿಗುವುದಿಲ್ಲ. ನಮ್ಮ ಹಾಜಿ ಸುಲೇಮಾನ ಸೇಠರ ಅಜಾಯಬಖಾನೆ, ಅಂದರೆ ನೋಡುವಂಥ ವಸ್ತುಗಳನ್ನು ಕೂಡಿಸಿಡುವ ಮನೆ, ಇನ್ನೆರಡು ವರ್ಷದಲ್ಲಿ ಪೂರ್ತಿಯಾಗಬೇಕು. ಮಕ್ಕಾ ಮದೀನಾಗಳ ಪವಿತ್ರ ಸ್ಥಳಗಳನ್ನೂ ನಮ್ಮ ನಾಡಿನ ದರ್ಗಾ ಮಸೀದಿಗಳನ್ನೂ ಯಾವ ಯಾವ ಕೈಗಳು ಹೇಗೆ ಕಟ್ಟಿದವು ಎಂಬುದನ್ನು ಒಂದೇ ಮನೆಯಲ್ಲಿ ತೋರಿಸಬೇಕೆಂಬುದು ಅವರ ಆಸೆ. ಹಡಗು ಹತ್ತಲಾರದ ಬಡವರು ಇಲ್ಲಿಗೆ ಬಂದಾದರೂ ನೋಡಲಿ ಎನ್ನುತ್ತಾರೆ.

ನಾನು ಮಕ್ಕಾದ ದೊಡ್ಡ ಮಸೀದಿಯನ್ನು ಮರದಲ್ಲಿ ಕೆತ್ತುತ್ತಿದ್ದೇನೆ. ಎತ್ತಿನ ಚಕ್ಕಡಿಯಷ್ಟು ಅಗಲ. ಕಣ್ಣಿನಿಂದ ನೋಡಿದ್ದಲ್ಲವಲ್ಲ, ಆದ್ದರಿಂದ ಹಜ್ ಮುಗಿಸಿ ಹಡಗು ಇಳಿದವರನ್ನು ಸೇಠರು ಕರೆದು ಶರಬತ್ತು ಕೊಟ್ಟು ನನ್ನ ಮುಂದೆ ಕೂಡಿಸುತ್ತಾರೆ. ಈ ಬಾಗಿಲಿನಿಂದ ಆ ಕಂಬಕ್ಕೆ ಏಳು ಹೆಜ್ಜೆ ಎನ್ನುತ್ತಾನೆ ಒಬ್ಬ. ಹನ್ನೊಂದು ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ಈಗ ನಾನು ಮೊದಲು ಅವರನ್ನು ಅಂಗಳದಲ್ಲಿ ನಡೆಸಿ ಒಬ್ಬೊಬ್ಬರ ಹೆಜ್ಜೆಯನ್ನೂ ದಾರ ಹಿಡಿದು ಅಳೆದುಕೊಳ್ಳುತ್ತೇನೆ. ಆಮೇಲೆ ಏಳೂ ಸರಿ, ಹನ್ನೊಂದೂ ಸರಿ.

ಮುತ್ಯಾನ ಜಾಲಂದ್ರವನ್ನು ಮೂರನೆಯ ಕೋಣೆಯಲ್ಲಿ, ಮೂಡಣ ಕಿಟಕಿಯ ಎದುರಿಗೆ ನಿಲ್ಲಿಸಿದ್ದಾರೆ. ಬೆಳಗಿನ ಬಿಸಿಲಿಗೆ ಅದರ ಹೂಬಳ್ಳಿ ಎಲ್ಲ ನೆಲದ ಮೇಲೆ ಬೀಳುತ್ತದೆ. ದೊಡ್ಡ ದೊಡ್ಡವರು ಬಂದು ನೋಡಿ ತಲೆದೂಗುತ್ತಾರೆ. ಗೆದ್ದಲು ಮಾತ್ರ ನಾನು ಎಣಿಸಿದ್ದಕ್ಕಿಂತ ಒಳಗೆ ಹೋಗಿದೆ. ಇನ್ನೂ ಕೆಲವು ತಿಂಗಳು ಹಿಡಿಯಬಹುದು. ದಾವಲಕಾಕಾನಿಗೆ ಹೇಳು.

ನಿನ್ನ ತಮ್ಮ,
ಮಾನಪ್ಪ


ಸುರೇಬಾನ,
೧೪ ಸೆಪ್ಟೆಂಬರ್ ೧೯೦೯

ಚಿರಂಜೀವಿ ಮಾನಪ್ಪನಿಗೆ ಆಶೀರ್ವಾದ.

ಪಂಚಮಿಗೆ ತವರಿಗೆ ಹೋಗಿದ್ದೆ. ತವರೆಂದರೆ ಈಗೇನಿದೆ? ಅಪ್ಪ ಮೊದಲೇ ಹೋದ, ಅವ್ವ ಹೋಗಿ ಎರಡು ವರ್ಷವಾಯಿತು, ಮನೆಗೆ ಬೀಗ. ದಾವಲಕಾಕಾನ ಮನೆಯಲ್ಲೇ ಮೂರು ದಿನ ಇದ್ದೆ. ನಿನ್ನ ಕಾಗದ ಓದಿ ಹೇಳಿದೆ. ಹಾಜಿಗಳ ಹೆಜ್ಜೆ ಅಳೆಯುವ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕ. ಜಾಲಂದ್ರದ ಸುದ್ದಿ ಬಂದಾಗ ನಗು ನಿಲ್ಲಿಸಿ ಎದ್ದು ಹೋಗಿ ಆಡಿಗೆ ಸೊಪ್ಪು ಹಾಕಿದ.

ಗೌಡರ ಓಣಿಯ ಕೃಷ್ಣವ್ವ ತುಂಬಿದ ಬಸುರಿ. ನಾನಿದ್ದಾಗಲೇ ನೂಲು ಕಟ್ಟಲು ಬಂದಿದ್ದಳು. ಬಿದಿರಿನ ತಟ್ಟಿಯ ಮುಂದೆ ಬಹಳ ಹೊತ್ತು ನಿಂತು, ಕಟ್ಟದೆ, ನೂಲನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ತಿರುಗಿ ಹೋದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಫಕೀರಪ್ಪನ ಕೂದಲು ಈಗ ಬೆನ್ನಿನವರೆಗೆ ಬಂದಿದೆ. ಸೆಕೆಗೆ ತಲೆಯಲ್ಲಿ ಕುರು ಎದ್ದಿವೆ. ಓಣಿಯ ಹುಡುಗರು ಕರಡಿ ಎಂದು ಕೂಗುತ್ತಾರೆ, ಇವನೂ ಗುರ್ ಎಂದು ಅವರ ಬೆನ್ನು ಹತ್ತುತ್ತಾನೆ. ನಮ್ಮ ಅತ್ತೆ ಶೆಟ್ಟೆವ್ವ ದಿನಕ್ಕೊಮ್ಮೆ, "ಕತ್ತರಿ ಆಡಿಸಿ ಬಿಡು, ದೇವರೇನ್ ನೋಡಾಕ ಕುಂತಿರ್ತಾನೇನ?" ಎನ್ನುತ್ತಾಳೆ. ಮೂರು ಕೂಸು ಕಳೆದುಕೊಂಡವಳು ಅವಳಲ್ಲ.

ಒಂದೇ ಮಾತು ಕೇಳುತ್ತೇನೆ. ನೂಲು ಹೇಗಿವೆ?

ಸತ್ಯವ್ವ


ಮುಂಬಯಿ,
೨೦ ಅಕ್ಟೋಬರ್ ೧೯೦೯

ಅಕ್ಕನಿಗೆ ನಮಸ್ಕಾರ.

ಫಕೀರಪ್ಪನಿಗೆಂದು ಮರದ ಗಿಳಿ ಮಾಡಿ ಕಳಿಸಿದ್ದೇನೆ. ಬಾಲ ಒತ್ತಿದರೆ ಬಾಯಿ ತೆರೆಯುತ್ತದೆ. ಕುರುಗಳಿಗೆ ಬೇವಿನ ಎಣ್ಣೆ ಹಚ್ಚು. ಇಲ್ಲಿ ಕೆಲಸ ಬಹಳ.

ಮಾನಪ್ಪ


ಸುರೇಬಾನ,
೬ ಡಿಸೆಂಬರ್ ೧೯೦೯

ಮಾನಪ್ಪನಿಗೆ,

ಗಿಳಿ ಬಂತು. ನಾನು ಕೇಳಿದ್ದು ನೂಲಿನ ಸುದ್ದಿ.

ಸವದತ್ತಿಯ ಅರಿವೆ ವ್ಯಾಪಾರಿ ರಾಯಪ್ಪ ದೀಪಾವಳಿಯ ಸರಕಿಗೆಂದು ಮುಂಬಯಿಗೆ ಹೋದಾಗ ನಿನ್ನ ಅಜಾಯಬಖಾನೆ ನೋಡಿಕೊಂಡು ಬಂದಿದ್ದಾನೆ. ನಮ್ಮೂರಿನ ಜಾಲಂದ್ರ ಎಂದು ಗುರುತು ಹಿಡಿದು ಕೈಮುಗಿದನಂತೆ. ನಿನ್ನೆ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದ: "ಏನ್ ಹೊಳಪು ಅಂತೀ ತಂಗಿ! ಕನ್ನಡಿ ಹಂಗ ಐತಿ. ಒಂದ ಚಿಂದಿ ಇಲ್ಲ, ಒಂದ ದಾರ ಇಲ್ಲ. ಕೆಳಗ ಹಲಗಿ ಐತಿ, ಕೆತ್ತಿದವರು ಯಾರು ತಿಳಿದಿಲ್ಲ ಅಂತ ಬರದಾರ. ನಿಮ್ಮ ಮುತ್ಯಾಂದಲ್ಲೇನು ಅದು?"

ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ. ಅವನಿಗೆ ಒಂದು ತಂಬಿಗೆ ನೀರು ಕೊಡಲೂ ಏಳಲಿಲ್ಲ.

ನಿಜ ಬರೆ.

ಸತ್ಯವ್ವ


ಮುಂಬಯಿ,
೨ ಜನವರಿ ೧೯೧೦

ಅಕ್ಕ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನೂಲನ್ನೆಲ್ಲ ನಾನು ಕೊಯ್ದೆ. ಬೇರೆ ಯಾರೂ ಅಲ್ಲ, ನಾನೇ. ಜಾಲಂದ್ರ ಇಲ್ಲಿಗೆ ಬಂದ ಎಂಟನೆಯ ದಿನಕ್ಕೆ.

ಗೋಣಿ ಬಿಚ್ಚಿ ನಿಲ್ಲಿಸಿದಾಗ ಆಗ್ರಾದ ಕುಶಲಕರ್ಮಿಗಳು ನಾಲ್ವರು ಬಂದು ನೋಡಿದರು. ಅವರ ಅಜ್ಜ ಮುತ್ತಜ್ಜಂದಿರು ಬಾದಶಹರ ಗೋರಿಗಳಿಗೆ ಕೆಲಸ ಮಾಡಿದವರಂತೆ. ಒಬ್ಬ ಮೂಗು ಮುಚ್ಚಿಕೊಂಡು, ಇದೇನು ಹಳ್ಳಿಯ ಚಿಂದಿ, ಎಣ್ಣೆಯ ನಾತ ಎಂದು ನಕ್ಕ. ಅಜಾಯಬಖಾನೆಯ ಉಸ್ತುವಾರಿ ನೋಡುವ ಕಾರಭಾರಿಯೂ ಇದನ್ನೆಲ್ಲ ತೆಗೆಸಬೇಕು ಎಂದ. ಯಾರಾದರೂ ತೆಗೆಯುತ್ತಿದ್ದರೋ ಏನೋ. ನಾನು ಸೇಠರ ಹತ್ತಿರ ಹೋಗಿ, ಇದು ಹರಕೆಯದು, ಆಣೆ ಮಾಡಿ ತಂದಿದ್ದೇನೆ ಎಂದಿದ್ದರೆ ಅವರು ಕೇಳುತ್ತಿದ್ದರು. ದೇವರಿಗೆ ಅಂಜುವ ಮನುಷ್ಯ ಅವರು. ಆದರೆ ಆಗ್ರಾದವರ ಎದುರಿಗೆ ನಾನೂ ಚಿಂದಿ ಕಟ್ಟುವವರ ಪೈಕಿ ಎಂದು ಕಾಣಬಾರದಾಗಿತ್ತು. ಚಾಕು ತರಿಸಿಕೊಂಡು, ಇದು ನನ್ನ ಕೆಲಸ ಎಂದು ನಾನೇ ಶುರು ಮಾಡಿದೆ. ಎರಡು ದಿನ ಹಿಡಿಯಿತು. ಕೊಯ್ಯುವಾಗ ನಗುತ್ತಲೂ ಇದ್ದೆ, ಅಕ್ಕ. ಒಂದು ಕಡೆ ಬಡಿಗೇರರು ಎಳೆದು ಮೀಟಿ ಮರಕ್ಕೆ ಗೆರೆ ಹೊಡೆಯುವ ಕೆಮ್ಮಣ್ಣಿನ ದಾರವೂ ಕಟ್ಟಿತ್ತು. ಅದನ್ನು ಎತ್ತಿ ಹಿಡಿದು, ನೋಡಿರಿ, ನಮ್ಮ ಜಾತಿಯವನೂ ಒಬ್ಬ ಹರಕೆ ಹೊತ್ತಿದ್ದಾನೆ ಎಂದು ಅವರಿಗೆ ತೋರಿಸಿ ನಗಿಸಿದೆ.

ಹಲಗೆ ಬರೆಯುವ ಗುಮಾಸ್ತ ಬಂದು ಇದನ್ನು ಕೆತ್ತಿದವರು ಯಾರು ಎಂದು ಕೇಳಿದ. ಆ ನಾಲ್ವರೂ ಅಲ್ಲೇ ನಿಂತಿದ್ದರು. ರೈತರಿಗೆ ಕುಂಟೆ ಕೂರಿಗೆ ಮಾಡುತ್ತಿದ್ದ ನಮ್ಮ ಮುತ್ಯಾನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಗೊತ್ತಿಲ್ಲ ಎಂದೆ.

ಇನ್ನೂ ಒಂದಿದೆ. ಗೆದ್ದಲು ಬುಡಕ್ಕೆ ನಾಲ್ಕು ಬೆರಳಿನಷ್ಟೇ ಇತ್ತು. ಊರಿನಲ್ಲೇ ಒಂದು ದಿನದ ಕೆಲಸ. ಊರವರು ಸಂತೋಷದಿಂದ ಕಾಯಮ್ಮಾಗಿ ಕೊಟ್ಟಿದ್ದಾರೆ ಎಂದು ಸೇಠರಿಗೆ ಹೇಳಿದ್ದೆ, ತಿದ್ದಿ ತರುತ್ತೇನೆ ಎಂದು ನಿಮಗೆ ಹೇಳಿದ್ದೆ. ನಮ್ಮ ಮನೆತನದ ಕೆಲಸ ನಾಲ್ಕು ದೊಡ್ಡವರು ನೋಡಲೆಂಬ ಆಸೆ ಇತ್ತು. ಕಡೆಗೆ ಆ ಮನೆತನದ ಹೆಸರನ್ನೇ ನುಂಗಿದೆ.

ನೂಲುಗಳನ್ನು ಬಿಸಾಡಿಲ್ಲ. ಕಾರಭಾರಿ ಸುಟ್ಟು ಬಿಡು ಎಂದಿದ್ದ. ಒಲೆಯವರೆಗೆ ಒಯ್ದೆ, ಕೈ ಬರಲಿಲ್ಲ. ಒಂದು ಗೋಣಿಚೀಲದಲ್ಲಿ ನನ್ನ ಖೋಲಿಯ ಮಂಚದ ಕೆಳಗಿವೆ. ಅದರ ಮೇಲೆಯೇ ಒಂದು ವರ್ಷದಿಂದ ಮಲಗುತ್ತಿದ್ದೇನೆ. ನನ್ನ ಮುಖ ನನಗೇ ಬೇಡವಾಗಿದೆ. ನಿನ್ನ ಮಗನ ಸುದ್ದಿ ಬಂದಾಗಲೆಲ್ಲ ಕಾಗದ ಒಡೆಯಲು ಹೆದರಿದೆ.

ಏನು ಮಾಡಲಿ ಹೇಳು.

ಮಾನಪ್ಪ


ಸುರೇಬಾನ,
೨೧ ಜನವರಿ ೧೯೧೦

ಮಾನಪ್ಪ,

ನಿನ್ನ ಕಾಗದವನ್ನು ಎರಡು ದಿನ ತಿರುತಿರುಗಿ ಓದಿದೆ. ಮೂರನೆಯ ದಿನ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಚಕ್ಕಡಿ ಹತ್ತಿ ತವರಿಗೆ ಹೋದೆ. ಹೋಗದೆ ಇರಬಹುದಿತ್ತು. ಆದರೆ ಅವತ್ತು ನಡುವೆ ನಿಂತು ನಿನ್ನ ಪರವಾಗಿ ಮಾತು ಕೊಟ್ಟವಳು ನಾನು.

ದರ್ಗಾದ ಕಟ್ಟೆಯ ಮೇಲೆ ದಾವಲಕಾಕಾ ಇದ್ದ, ಏಳೆಂಟು ಹೆಂಗಸರಿದ್ದರು. ಕಾಗದವನ್ನು ಮೊದಲಿನಿಂದ ಕಡೆಯವರೆಗೆ ಓದಿದೆ. ನಕ್ಕೆ ಎಂದು ನೀನು ಬರೆದ ಕಡೆಯನ್ನೂ ಬಿಡಲಿಲ್ಲ, ಅದನ್ನೂ ಓದಿದೆ. ಮುಗಿದ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಬ್ಬೊಬ್ಬರಾಗಿ ಸೆರಗು ಕೊಡವಿ ಎದ್ದು ಹೋದರು.

ಕೃಷ್ಣವ್ವನ ಕೂಸು ಹುಟ್ಟಿದ ಹತ್ತನೆಯ ದಿನಕ್ಕೆ ತೀರಿತಂತೆ. ನೂಲು ಕಟ್ಟಿದ್ದರೂ ತೀರುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಉಳಿದ ಹೆಂಗಸರು ಎದ್ದು ಹೋದ ಮೇಲೂ ಅವಳು ಮಾತ್ರ ಕಡೆಯವರೆಗೂ ಕಟ್ಟೆಯ ಮೇಲೆ ಕೂತಿದ್ದಳು.

ಎಲ್ಲರೂ ಹೋದ ಮೇಲೆ ಕಾಕಾ ಒಂದು ಮಾತು ಕೇಳಿದ. "ಸುತ್ತು ಕೊಯ್ದಾನೋ, ಗಂಟು ಕೊಯ್ದಾನೋ?" ನನಗೆ ತಿಳಿಯಲಿಲ್ಲ. ಅವನೇ ಹೇಳಿದ: "ಗಂಟು ಉಳಿದಿದ್ರ ಹರಕಿ ಉಳಿದೈತಿ. ಕಟ್ಟಿದಾಕಿ ಬಿಚ್ಚಲಿ. ಚೀಲ ತಗೊಂಡು ಬಾ ಅಂತ ಬರಿ. ಜಾಲಂದ್ರ ಅಲ್ಲೇ ಇರಲಿ, ಮಂದಿ ನೋಡ್ಲಿ ಬಿಡು. ಆದ್ರ ಕಾಡಪ್ಪನ ಹೆಸರು ಅದರ ಕೆಳಗ ಬರಸಬೇಕು. ಇಲ್ಲಿಗೆ ಹೊಸಾದು ಮಾನಪ್ಪನೇ ಕೆತ್ತಬೇಕು. ಮುಂಬಯಿದಾಗ ಕೆತ್ತಿ ಕಳಿಸೂದಲ್ಲ. ಇಲ್ಲಿ, ಈ ಕಟ್ಟಿ ಮ್ಯಾಲ, ಎಲ್ಲಾರ ಕಣ್ಣಮುಂದ ಕುಂತು."

ನಾನೂ ಅದನ್ನೇ ಹೇಳುತ್ತೇನೆ. ಚೀಲವನ್ನು ಟಪಾಲಿಗೆ ಹಾಕಬೇಡ. ಹೊತ್ತುಕೊಂಡು ಬಾ.

ಸತ್ಯವ್ವ


ಮುಂಬಯಿ,
೧೮ ಫೆಬ್ರುವರಿ ೧೯೧೦

ಅಕ್ಕನ ಪಾದಗಳಿಗೆ,

ಕಾಗದ ಬಂದ ದಿನವೇ ಚೀಲ ಬಿಚ್ಚಿ ನೋಡಿದೆ. ಗಂಟುಗಳೆಲ್ಲ ಹಾಗೇ ಇವೆ. ಗಂಟಿನ ಹತ್ತಿರ ಚಾಕು ಆಡುವುದಿಲ್ಲ, ಸುತ್ತಿನ ಕಡೆ ಸಲೀಸು, ಹೀಗಾಗಿ ಉಳಿದವು. ಅದೇನೂ ನನ್ನ ಒಳ್ಳೆಯತನವಲ್ಲ.

ಸೇಠರಿಗೆ ಎಲ್ಲ ಹೇಳಿದೆ. ಆಗ್ರಾದವರನ್ನೂ ಕರೆಸಿ ಅವರ ಎದುರಿಗೇ ಹೇಳಿದೆ. ಸೇಠರು ಮೂರನೆಯ ಕೋಣೆಗೆ ಹೋಗಿ ಜಾಲಂದ್ರದ ಮುಂದೆ ಚಪ್ಪಲಿ ಬಿಟ್ಟು ನಿಂತರು. ಅವರು ಅಲ್ಲಿ ಚಪ್ಪಲಿ ಬಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದೆ. ಬಡವರ ಮನೆಯದನ್ನು ಕಸಿದು ತಂದು ನನ್ನ ಮನೆ ಸಿಂಗರಿಸಿದೆಯಲ್ಲ ಮಾನಪ್ಪ, ನನ್ನನ್ನು ಕೇಳಲೂ ಇಲ್ಲವಲ್ಲ ಎಂದರು. ಇದನ್ನು ವಾಪಸು ಒಯ್ಯಿ ಎಂದರು. ದಾವಲಕಾಕಾನ ಮಾತು ತಿಳಿಸಿದೆ. ಹಲಗೆ ಅವತ್ತೇ ಬದಲಾಯಿತು. ಕಾಡಪ್ಪ ಬಡಿಗೇರ, ಸವದತ್ತಿ ತಾಲೂಕು ಎಂದು ನಾಲ್ಕು ಭಾಷೆಯಲ್ಲಿ ಬರೆಸಿದ್ದಾರೆ. ಆಗ್ರಾದ ನಾಲ್ವರಲ್ಲಿ ಹಿರಿಯನಾದ ಮುದುಕ ಅದನ್ನು ಓದಿಸಿಕೊಂಡು, ನಿನ್ನ ಅಜ್ಜನೇ? ಮೊದಲೇ ಹೇಳಿದ್ದರೆ ಅವತ್ತೇ ಕೈಮುಗಿಯುತ್ತಿದ್ದೆ ಎಂದ. ಅದನ್ನು ಕೇಳಿ ನನಗೆ ಮತ್ತಷ್ಟು ನಾಚಿಕೆಯಾಯಿತು.

ಸಾಗವಾನಿ ಸೇಠರೇ ಕೊಟ್ಟಿದ್ದಾರೆ. ಉರುಸಿನ ಮೊದಲೇ ಧಾರವಾಡದಲ್ಲಿ ಇಳಿಯುತ್ತೇನೆ. ಅಲ್ಲಿಂದ ಬೈಲಹೊಂಗಲದ ಮೇಲೆ ಚಕ್ಕಡಿ.

ಮಾನಪ್ಪ


ನಮ್ಮೂರು, ಟಪಾಲು ಮುರಗೋಡ,
೨೬ ಮೇ ೧೯೧೦

ಅಕ್ಕನಿಗೆ ನಮಸ್ಕಾರ.

ನೀನು ಉರುಸು ಮುಗಿಸಿ ಹೋದ ಮೇಲೆ ಬರೆಯುವುದು ಇದೇ ಮೊದಲು. ಫಕೀರಪ್ಪನ ಬೋಳುತಲೆಗೆ ಬಿಸಿಲು ತಾಗದಂತೆ ಟೊಪ್ಪಿಗೆ ಹಾಕು. ಜವಳದ ಹೊತ್ತಿಗೆ ಅವನು ಅತ್ತದ್ದಕ್ಕಿಂತ ನೀನು ಅತ್ತದ್ದೇ ಹೆಚ್ಚು. ಅಷ್ಟು ದೊಡ್ಡ ರಾಶಿಯಲ್ಲಿ ನಿನ್ನ ಹಸಿರು ಅಂಚನ್ನು ನೀನು ಒಂದೇ ನೋಟಕ್ಕೆ ಹೆಕ್ಕಿದ್ದು ಹೇಗೆಂದು ನನಗೆ ಇನ್ನೂ ಬೆರಗು.

ದಿನಾಲೂ ಯಾರಾದರೂ ಬರುತ್ತಾರೆ. ಚಾಪೆಯ ಮೇಲೆ ಹರವಿದ ನೂಲುಗಳಲ್ಲಿ ತಮ್ಮದನ್ನು ಹುಡುಕುತ್ತಾರೆ. ನಾನು ಪಕ್ಕದಲ್ಲೇ ಉಳಿ ಕೊಡತಿ ಹಿಡಿದು ಕುಳಿತಿರುತ್ತೇನೆ. ಮೊದಲ ಹದಿನೈದು ದಿನ ನನ್ನೊಡನೆ ಯಾರೂ ಮಾತಾಡಲಿಲ್ಲ. ತಲೆ ಎತ್ತದೆ ಕೆತ್ತಿದೆ. ಒಂದು ದಿನ ಒಬ್ಬ ಮುದುಕಿ, "ಕಣ್ಣಿಗಿ ಕಾಣವಲ್ದು, ನೀನ ಹುಡುಕಿ ಕೊಡೋ. ಕುಸುಬಿ ಬಣ್ಣದ್ದು, ಎರಡ ಗಂಟಿಂದು" ಎಂದಳು. ಮಧ್ಯಾಹ್ನದವರೆಗೆ ಹುಡುಕಿ ಕೊಟ್ಟೆ. ಮೊನ್ನೆ ಕೃಷ್ಣವ್ವ ಬಂದಳು. ಅವಳ ನೂಲು ಅದರಲ್ಲಿಲ್ಲ, ಅವಳು ಕಟ್ಟಲೇ ಇಲ್ಲವಲ್ಲ. ಆದರೂ ಬಂದು ಕುಳಿತು, ನಾನು ಕೆತ್ತಿದ ಹೂವಿನ ಮೇಲೆ ಬೆರಳಾಡಿಸಿ, "ಎಂದಿಗಿ ಮುಗೀತೈತಿ?" ಎಂದು ಕೇಳಿದಳು. ಶ್ರಾವಣಕ್ಕೆ ಎಂದೆ. ಹೂಂ ಎಂದು ಎದ್ದು ಹೋದಳು. ಆ ಹೂಂ ಕೇಳಿದ ಮೇಲೆ ನನಗೆ ಆ ದಿನ ಕೆಲಸ ಸಾಗಲಿಲ್ಲ.

ಕಟ್ಟಿದವರು ಸತ್ತು ಹೋಗಿರುವ ನೂಲುಗಳೂ ಇವೆ. ಅಂಥವನ್ನು ಯಾರಿಗಾಗಿ ಕಟ್ಟಿದ್ದರೋ ಅವರು ಬಿಚ್ಚಬೇಕು ಎನ್ನುತ್ತಾನೆ ಕಾಕಾ. ಈಗ ಮೂವತ್ತರಷ್ಟು ಉಳಿದಿವೆ. ಅವುಗಳಲ್ಲಿ ಆ ಕೆಮ್ಮಣ್ಣಿನ ದಾರವೂ ಒಂದು. ಯಾರೂ ನಮ್ಮದು ಎನ್ನುವುದಿಲ್ಲ. ಈ ಊರಿನಲ್ಲಿ ಬಡಿಗೇರರ ಮನೆ ನಮ್ಮದೊಂದೇ. ಕಾಕಾನನ್ನು ಕೇಳಿದರೆ, "ನಿಮ್ಮ ಅಕ್ಕಗ ಬರಿ" ಎಂದು ಅತ್ತ ಮುಖ ತಿರುಗಿಸುತ್ತಾನೆ.

ಸೇಠರ ಕಾಗದ ಬಂದಿದೆ. ಮದೀನಾದ ಗುಮ್ಮಟ ಅರ್ಧಕ್ಕೆ ನಿಂತಿದೆ, ಕೆಲಸ ಮುಗಿಸಿ ಬೇಗ ಬಾ ಎಂದಿದ್ದಾರೆ. ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಮಾನಪ್ಪ


ಸುರೇಬಾನ,
೯ ಜೂನ್ ೧೯೧೦

ಚಿರಂಜೀವಿ ಮಾನಪ್ಪನಿಗೆ ಅಕ್ಕನ ಆಶೀರ್ವಾದ.

ಆ ದಾರ ಅವ್ವನದು.

ನೀನು ಮೊದಲ ಸಲ ಮುಂಬಯಿಗೆ ಹೊರಟ ದಿನ ನೆನಪು ಮಾಡಿಕೋ. ಹತ್ಯಾರಗಳ ಚೀಲ ಕಟ್ಟುವಾಗ ಗೆರೆ ಹೊಡೆಯುವ ದಾರ ಒಂದು ಮೊಳ ಕಡಿಮೆಯಾಗಿತ್ತು. "ಹತ್ಯಾರಕ್ಕ ಯಾರ ಕೈ ಹಚ್ಚೀರಿ?" ಎಂದು ನೀನು ಅವ್ವನ ಮೇಲೆ ಹರಿಹಾಯ್ದೆ. ಅವಳು ಇಲಿ ಕಡಿದಿರಬೇಕು ಎಂದಳು. ನೀನು ಚಕ್ಕಡಿ ಹತ್ತಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ದಾರದ ತುಂಡನ್ನು ತೆಗೆದುಕೊಂಡು ದರ್ಗಾಕ್ಕೆ ಹೋದಳು. ನನ್ನ ಮಗ ತಿರುಗಿ ಬರಲಿ, ಬಂದ ದಿನ ನಾನೇ ಬಿಚ್ಚುತ್ತೇನೆ ಎಂದು ಕಟ್ಟಿದಳು. ಆರು ವರ್ಷ ದಾರಿ ನೋಡಿ ತೀರಿದಳು. ಕಾಗದ ಹಾಕಿದೆವು. ನೀನು ಹನ್ನೊಂದನೆಯ ದಿನಕ್ಕೂ ಬರಲಿಲ್ಲ.

ಜಾಲಂದ್ರ ಒಯ್ಯಲು ಬಂದಾಗಲೇ ಹೇಳಬೇಕೆಂದಿದ್ದೆ. ಆದರೆ ನೀನು ಇಳಿದದ್ದು ಬೈಲಹೊಂಗಲದ ಪ್ರವಾಸಿ ಬಂಗಲೆಯಲ್ಲಿ. ನಮ್ಮ ಮನೆಯ ಬೀಗವನ್ನೂ ತೆಗೆಸಲಿಲ್ಲ. ಇದು ಬಂದದ್ದಲ್ಲ ಎಂದುಕೊಂಡು ಸುಮ್ಮನಾದೆ. ನೀನು ಅದನ್ನು ಎತ್ತಿ ಹಿಡಿದು ನಗಿಸಿದ್ದನ್ನು ಓದಿದಾಗಲೂ ಬರೆಯಲು ಕೈ ಏಳಲಿಲ್ಲ. ಬರೆದಿದ್ದರೆ ನೀನು ಮುಖ ತೋರಿಸಲಾರದೆ ಅಲ್ಲೇ ಉಳಿದುಬಿಡುತ್ತಿದ್ದೆ.

ಬಿಚ್ಚುವವನು ನೀನೇ. ಆದರೆ ಬಂದಿದ್ದೇನೆ ಎಂದು ಮನಸಾರೆ ಹೇಳಲು ಆದರೆ ಮಾತ್ರ ಬಿಚ್ಚು. ಇಲ್ಲದಿದ್ದರೆ ಹಾಗೇ ಇರಲಿ.

ಸತ್ಯವ್ವ


ನಮ್ಮೂರು, ಟಪಾಲು ಮುರಗೋಡ,
೩೦ ಜೂನ್ ೧೯೧೦

ಅಕ್ಕನ ಪಾದಗಳಿಗೆ ಮಾನಪ್ಪನ ನಮಸ್ಕಾರಗಳು.

ನಿನ್ನ ಕಾಗದ ಬಂದು ಹದಿನೈದು ದಿನ ನಾನು ಆ ದಾರವನ್ನು ಮುಟ್ಟಲಿಲ್ಲ. ಹೋಗಿ ಬರುವಾಗ ಚಾಪೆಯ ಆ ಮೂಲೆಯನ್ನು ಬಿಟ್ಟು ನಡೆದೆ. ನಿನ್ನೆ ಸೇಠರಿಗೆ ಕಾಗದ ಬರೆದು ಹಾಕಿದೆ. ಗುಮ್ಮಟಕ್ಕೆ ಆಗ್ರಾದ ಮುದುಕನ ಕೈ ನನ್ನದಕ್ಕಿಂತ ಮೇಲು, ನಾನು ಇಲ್ಲಿ ನೇಗಿಲು ಕುಂಟೆ ಮಾಡಿಕೊಂಡು ಇರುತ್ತೇನೆ ಎಂದು ತಿಳಿಸಿದೆ. ಇಷ್ಟು ದಿನ ದರ್ಗಾದ ಕಟ್ಟೆಯ ಮೇಲೆಯೇ ಮಲಗುತ್ತಿದ್ದೆ, ನಿನ್ನೆ ನಮ್ಮ ಮನೆಯ ಬೀಗ ತೆಗೆಸಿದೆ.

ಇವತ್ತು ಬೆಳಿಗ್ಗೆ ದಾರ ಹಿಡಿದು ದಾವಲಕಾಕಾನ ಮುಂದೆ ಕುಳಿತೆ. "ಬಂದೀ ಏನಪಾ?" ಎಂದ. "ಬಂದೇನಿ ಕಾಕಾ" ಎಂದೆ. ಅವನು ಎರಡನೆಯ ಸಲ ಕೇಳಲಿಲ್ಲ.

ಎಂಟೊಂಬತ್ತು ವರ್ಷದ ಗಂಟು, ಕೆಮ್ಮಣ್ಣು ಎಣ್ಣೆ ಕೂಡಿ ಕಲ್ಲಾಗಿತ್ತು. ಉಳಿಯ ಮೊನೆ ಹಾಕಲಿಲ್ಲ, ಬರೀ ಉಗುರಿನಿಂದ ಬಿಚ್ಚಿದೆ. ಕೃಷ್ಣವ್ವ ಅಲ್ಲೇ ಇದ್ದಳು, ನೀರು ತಂದು ಒಂದೊಂದೇ ಹನಿ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬಿಚ್ಚಿತು. ಆಮೇಲೆ ನಾನು ಅತ್ತೆ, ಅಕ್ಕ. ಅವ್ವ ಹೋದ ಸುದ್ದಿ ಬಂದಾಗಲೂ ಹೀಗೆ ಅತ್ತಿರಲಿಲ್ಲ. ಹೆಂಗಸರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಬಿಚ್ಚಿದ ನೂಲನ್ನು ಬಾವಿಗೆ ಬಿಡುವುದು ವಾಡಿಕೆ. ನಾನು ಬಿಡಲಿಲ್ಲ. ಕಾಕಾನನ್ನು ಕೇಳಿಯೇ ಇಟ್ಟುಕೊಂಡೆ. ಚಾಕು ಆಡಿದ ಕಡೆ ಎರಡು ತುದಿಯನ್ನೂ ಸೇರಿಸಿ ಹೊಸೆದೆ. ಜಾಲಂದ್ರಕ್ಕೆ ಮೇಲಿನ ಪಟ್ಟಿ ಒಂದು ಬಾಕಿ ಇತ್ತು. ದಾರವನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಒಂದು ತುದಿ ಕೃಷ್ಣವ್ವನ ಕೈಗೆ ಕೊಟ್ಟು, ಪಟ್ಟಿಯ ಮೇಲೆ ಎಳೆದು ಹಿಡಿದು ಮೀಟಿದೆ.

ಗೆರೆ ನೆಟ್ಟಗೆ ಬಿತ್ತು.

ನಿನ್ನ ತಮ್ಮ,
ಮಾನಪ್ಪ